ಅವ್ವ ಕೊಟ್ಟ ಕೂಲಿ

ನನ್ನ ಖಾನಾವಳಿಯಲ್ಲಿ ಉದ್ರಿ ಊಟ ಹಾಕುವುದಿಲ್ಲ. ಸುಂದ್ರವ್ವ ಜಿಪುಣಿ ಎಂದು ಹೊರಗಿನಿಂದ ಬಂದವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನಮ್ಮೂರಿನಲ್ಲಿ ಉದ್ರಿ ಉಂಡವನು ಕೈ ತೊಳೆಯುವ ಮೊದಲೇ ಆಕಳಿಸತೊಡಗುತ್ತಾನೆ. ಅವನ ಪಾಲಿನ ರೊಟ್ಟಿ ಬಡಿದ ನೋವು ಅವನ ರಟ್ಟೆಗೇ ಇಳಿದು, ಒಲೆಯ ಮುಂದೆ ಕೂತ ನೋವು ಅವನ ಸೊಂಟಕ್ಕೇ ಏರಿ, ನನ್ನ ಬೆಂಚಿನ ಮೇಲೆಯೇ ಅಡ್ಡಾಗಿಬಿಡುತ್ತಾನೆ. ಹಿಂದೆ ಬಂದ ಗಿರಾಕಿ ಎಲ್ಲಿ ಕೂಡಬೇಕು ಹೇಳಿ? ಅದಕ್ಕೇ ಮೊದಲು ರೊಕ್ಕ, ಆಮೇಲೆ ರೊಟ್ಟಿ. ದಣಿವು ನನ್ನ ಹತ್ತಿರವೇ ಇರಲಿ, ಬೆಂಚು ಖಾಲಿಯಾಗಲಿ.

ನಮ್ಮೂರ ಪದ್ಧತಿಯೇ ಹಾಗೆ. ಮಾಡಿದ ಕೆಲಸಕ್ಕೆ ಕೂಲಿ ಸಂದರೆ ದಣಿವು ಮಾಡಿದವರದು, ಸಲ್ಲದಿದ್ದರೆ ಮಾಡಿಸಿಕೊಂಡವರದು. ಕೂಲಿ ರೊಕ್ಕವೇ ಆಗಬೇಕೆಂದಿಲ್ಲ. ಕೈಯಲ್ಲಿ ಹಿಡಿಯುವಂಥದ್ದು ಏನಾದರೂ ಆದೀತು, ಆದರೆ ಅದು ಕೊಡುವವರ ಸ್ವಂತದ್ದಾಗಿರಬೇಕು, ತಗೊಳ್ಳುವವರು ಒಪ್ಪಿ ತಗೊಳ್ಳಬೇಕು. ಮುಂಚೆ, ಅಂದರೆ ನಮ್ಮ ಮುತ್ತಜ್ಜಿಯ ಮುತ್ತಜ್ಜಿಯ ಕಾಲಕ್ಕೆ, ಈ ಊರಿನ ಗಂಡಸರು ಹೊಲಕ್ಕೆ ಹೋಗಿ ಬಂದು ತಮ್ಮ ದಣಿವಿನ ಜೊತೆಗೆ ಹೆಂಡಂದಿರ ದಣಿವನ್ನೂ ಹೊತ್ತುಕೊಂಡು ಸಂಜೆಗೆ ಕಟ್ಟೆಯ ಮೇಲೆ ಹೆಣದ ಹಾಗೆ ಬೀಳುತ್ತಿದ್ದರಂತೆ. ಹೆಂಗಸರು ಬೀಸಿ, ಕುಟ್ಟಿ, ನೀರು ಹೊತ್ತು, ಆಮೇಲೂ ಹಾಡುತ್ತ ಕುಣಿಯುತ್ತ ಇರುತ್ತಿದ್ದರಂತೆ. ಕಡೆಗೆ ಯಾವನೋ ಒಬ್ಬ ಶಾಣ್ಯಾ ಮುದುಕ ಉಪಾಯ ಹುಡುಕಿದ. ದಿನಾ ಬೆಳಿಗ್ಗೆ ಹೆಂಡತಿಯ ಕೈಗೆ ಒಂದು ಹಿಡಿ ಜೋಳ ಹಾಕಿ, "ಇದು ನಿನ್ನ ಮರ್ಯಾದಿ, ತಗೋ" ಅಂದ. ಪಾಪ, ಮರ್ಯಾದೆ ಯಾರಿಗೆ ಬೇಡ? ಅವಳು ಒಪ್ಪಿ ತಗೊಂಡಳು. ಅವತ್ತು ಸಂಜೆ ಊರಿನ ಹೆಂಗಸಿಗೆ ಮೊದಲ ಸಲ ಸೊಂಟ ನೋಯಿತು. ಒಂದು ಹಿಡಿ ಜೋಳಕ್ಕೆ ಎಷ್ಟು ಸೊಂಟ ಹೋದವೋ, ದೇವರಿಗೇ ಗೊತ್ತು.

ಈಗ ಹಾಗಿಲ್ಲ. ಈಗ ಇಂಥದ್ದೇ ಕೂಲಿ ಬೇಕು ಎಂದು ಕೇಳುವವರು ನಾವು, ಕೊಡುವವರು ಅವರು. ನನ್ನ ಗಂಡ ಫಕೀರಪ್ಪ ಸೈಕಲ್ ರಿಪೇರಿ ಮಾಡುತ್ತಾನೆ. ಬಚ್ಚಲ ನೀರು ಹರಿಯುವ ಕಡೆ ತಾನೇ ಹಬ್ಬಿಸಿದ ಬಳ್ಳಿಯಿಂದ ದಿನವೂ ಎಳೆಯ ವೀಳ್ಯದೆಲೆ ಕಿತ್ತು, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ನನ್ನ ಕೈಗೆ ಕೊಟ್ಟಮೇಲೆಯೇ ಅಂಗಡಿಗೆ ಹೋಗಬೇಕು. ಜಗಳ ಆಡಿದ ದಿನ ನಾನು ಎಲೆ ತಗೊಳ್ಳುವುದಿಲ್ಲ. ಅವತ್ತು ಅವನು ಪಂಕ್ಚರ್ ಹಚ್ಚುತ್ತ ಹಚ್ಚುತ್ತಲೇ ಚಕ್ರದ ಮೇಲೆ ತಲೆ ಇಟ್ಟು ಗೊರಕೆ ಹೊಡೆಯುತ್ತಾನೆ. "ಇವತ್ತ ಫಕೀರಪ್ಪನ ಮನಿಯಾಗ ಏನೋ ನಡದೈತಿ" ಎಂದು ಓಣಿಗೆಲ್ಲ ತಿಳಿಯುತ್ತದೆ. ಕೂಸುಗಳ ಮಾತು ಬೇರೆ. ಅವು ಏನು ಕೊಟ್ಟಾವು? ತಾಯಂದಿರ ದಣಿವು ಹೊತ್ತುಕೊಂಡು ಹಗಲೂ ರಾತ್ರಿ ನಿದ್ದೆ ಮಾಡುತ್ತವೆ. ನಡೆಯಲು ಬಂದಮೇಲೆ ಅಲ್ಲಿ ಇಲ್ಲಿ ಆರಿಸಿ ತಂದದ್ದನ್ನು ಕೊಡಲು ಕಲಿಯುತ್ತವೆ. ನಾನು ಅವ್ವನಿಗೆ ಬೇಲಿಯ ಹೂವು ಕೊಡುತ್ತಿದ್ದೆನಂತೆ, ಅರ್ಧ ಕಚ್ಚಿದ ಪೇರಲ ಹಣ್ಣು ಕೊಡುತ್ತಿದ್ದೆನಂತೆ. ಎಂಜಲು ಎನ್ನದೆ ಅಲ್ಲೇ ತಿಂದುಬಿಡುತ್ತಿದ್ದಳಂತೆ ಮಹಾತಾಯಿ.

ಕೂಲಿ ಕೇಳುವುದನ್ನು ಈ ಊರಿಗೆ ಕಲಿಸಿದವಳೇ ನಮ್ಮವ್ವ, ತಂಗೆವ್ವ. ಅಪ್ಪ ತೀರಿಕೊಂಡಾಗ ನಾನು ಇನ್ನೂ ಸೆರಗು ಹಿಡಿದು ತಿರುಗುವವಳು. ಅವ್ವ ಮದುವೆ ಮನೆಗಳ ಅಡುಗೆಗೆ ನಿಂತಳು, ಹೆಂಗಸರ ಒಂದು ತಂಡ ಕಟ್ಟಿದಳು. ಒಬ್ಬ ಸಾವ್ಕಾರನ ಮಗಳ ಮದುವೆಗೆ ಹಗಲೂ ರಾತ್ರಿ ಹೋಳಿಗೆ ತಟ್ಟಿದರಂತೆ. ಕಡೆಯಲ್ಲಿ ಆತ ಒಬ್ಬೊಬ್ಬರಿಗೂ ಹಿಂದಿನ ದಿನದ ಊಟದಲ್ಲಿ ಮಿಕ್ಕ ಬುಂದೆಯ ಒಂದೊಂದು ಪೊಟ್ಟಣ ಹಿಡಿಸಲು ಬಂದ. ಅವ್ವ ತನ್ನ ಪೊಟ್ಟಣವನ್ನು ಅವನ ಕಾಲ ಮುಂದೆಯೇ ಇಟ್ಟು, "ನಮಗ ಬ್ಯಾಡ್ರೀ ಸಾವ್ಕಾರ್ರ, ನೀವ ತಿನ್ರಿ" ಎಂದು ಸೆರಗು ಜಾಡಿಸಿ ಹೊರಟಳು. ಹಿಂದೆಯೇ ಉಳಿದವರೂ ಇಟ್ಟು ಹೊರಟರು. ವಧೂವರರ ತಲೆಗೆ ಅಕ್ಕಿಕಾಳು ಹಾಕುವ ಹೊತ್ತಿಗೆ ಸಾವ್ಕಾರ ಮಂಟಪದ ನಡುವೆ ಕುಸಿದು ಕೂತ. "ಯವ್ವಾ ನನ್ನ ರಟ್ಟಿ! ಯಪ್ಪಾ ನನ್ನ ಸ್ವಂಟಾ!" ಅಂತ ಅಳುತ್ತಿದ್ದನಂತೆ. ಅವನ ಹೆಂಡತಿ ಗಾಳಿ ಬೀಸುತ್ತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳಂತೆ. ಈ ಕಥೆಯನ್ನು ಅವ್ವನ ಜೊತೆಗಾತಿ ಕಾಶವ್ವ ಹೇಳಬೇಕು, ನಾವು ಕೇಳಬೇಕು. ಸಾವ್ಕಾರ ಗೋಳಾಡಿದ್ದನ್ನು ಆಕೆ ಎದ್ದು ನಿಂತು ಆಡಿ ತೋರಿಸುತ್ತಾಳೆ. ಮರುದಿನ ಸಾವ್ಕಾರನೇ ಅವ್ವನ ಬಾಗಿಲಿಗೆ ಬಂದು, "ಏನ್ ಬೇಕ ಕೇಳವ್ವಾ ತಾಯಿ, ಇದನ್ನ ಮೊದಲ ಇಳಿಸು" ಅಂದನಂತೆ. ಅವತ್ತಿನಿಂದ ಊರಿಗೆ ಊರೇ ಬದಲಾಯಿತು. ಮನೆಮನೆಯಲ್ಲೂ ಹೆಂಗಸರು ಹಿಡಿ ಜೋಳ ಬಿಟ್ಟು ತಮಗೆ ಬೇಕಾದ್ದು ಕೇಳತೊಡಗಿದರು.

ಇಂಥ ಅವ್ವ ಹೋದ ವರ್ಷ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ನಾನು ಅವಳನ್ನು ನನ್ನ ಮನೆಗೆ ತಂದೆ. ಖಾನಾವಳಿಯ ಹಿಂದೆಯೇ ನಮ್ಮ ಮನೆ. ಒಲೆಯ ಮುಂದಿನಿಂದ ಕೂಗಿದರೆ ಕೇಳಲೆಂದು ಉಗ್ರಾಣದಲ್ಲೇ ಅವಳ ಮಂಚ ಹಾಕಿದೆ. ಎತ್ತಿ ಕೂಡಿಸುವುದು, ಮೈ ತೊಳೆಸುವುದು, ಬಟ್ಟೆ ಬದಲಿಸುವುದು, ಎಣ್ಣೆ ತಿಕ್ಕುವುದು, ಮಲಗಿದಲ್ಲೇ ಆಗುವುದನ್ನೆಲ್ಲ ತೆಗೆಯುವುದು. ನೋಡಲು ಬಂದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ನನ್ನನ್ನು ಹೊರಗೆ ಕರೆದರು. "ಎದಿ ಭಾಳ ವೀಕ್ ಐತಿ ಸುಂದ್ರವ್ವ. ತನ್ನ ದಣಿವು ಹೆಂಗೋ ತಡಕೋತಾಳ, ಮಂದಿ ದಣಿವು ತಡಿಯಾಂಗಿಲ್ಲ. ದಿನಾ ಕೂಲಿ ಕೊಡಸ್ರಿ. ತಪ್ಪಸಬ್ಯಾಡ್ರಿ. ತಪ್ಪಿಸಿದ್ರ ಆಕಿ ಭಾಳ ದಿನಾ ಉಳಿಯೂದಿಲ್ಲ."

ಮೊದಲು ನಾನೇ ರೊಕ್ಕ ಕೊಟ್ಟು ಒಬ್ಬ ಹೆಂಗಸನ್ನು ಇಟ್ಟೆ. ಅವ್ವ ಅವಳಿಗೆ ಮೈ ಮುಟ್ಟಲು ಕೊಡಲಿಲ್ಲ. ನೀರು ಸುಡುತ್ತದೆ, ಕೈ ಒರಟು, ಎಣ್ಣೆ ಎಳ್ಳಿನದಲ್ಲ, ಹಾಳಾದವಳು ಉಸಿರು ಬಿಟ್ಟರೆ ತಂಬಾಕಿನ ವಾಸನೆ. "ನಿಮ್ಮವ್ವನ ಬಾಯಿಗೆ ನಿಮ್ಮ ಕೂಲಿ ಸಾಲೂದಿಲ್ಲಕ್ಕಾ" ಎಂದು ಅವಳು ಓಡಿಹೋದಳು. ಆಮೇಲೆ ನಾನೇ ನಿಂತೆ. ಸಂಜೆ ಎಲ್ಲ ಮುಗಿಸಿ ಅವಳ ಮುಂದೆ ಕೈ ಚಾಚಿ, "ಅವ್ವಾ, ಕೂಲಿ" ಎನ್ನುತ್ತಿದ್ದೆ. ಅವಳು ದಿಂಬಿನ ಕೆಳಗೆ ಕೈ ಹಾಕಿ ಒಂದು ಹಿಡಿ ಶೇಂಗಾ ತೆಗೆದು ಕೊಡುತ್ತಿದ್ದಳು. "ಕಾಶಿ ತಂದ ಕೊಟ್ಟಾಳ. ತಿನ್ನು, ಬಡವಾಗೀದಿ" ಎನ್ನುತ್ತಿದ್ದಳು. ಕಾಶವ್ವ ವಾರಕ್ಕೊಮ್ಮೆಯಾದರೂ ಬಂದು ಅವಳ ಹತ್ತಿರ ಕೂತು ಹರಟೆ ಹೊಡೆದು ಹೋಗುತ್ತಿದ್ದದ್ದು ನಿಜ. ನಾನು ನಂಬಿದೆ. ಶೇಂಗಾ ಬಾಯಿಗೆ ಹಾಕಿಕೊಂಡು ರಾತ್ರಿ ಊಟದ ಗಿರಾಕಿಗಳ ಕಡೆ ಓಡಿದೆ.

"ಹಾಸಿಗಿ ಹಿಡದವರನ್ನ ನೋಡ್ಕೊಳ್ಳೂದಂದ್ರ ಹುಡುಗಾಟ ಅಲ್ಲ, ನೀನೂ ಹಾಸಿಗಿ ಹಿಡೀತಿ ನೋಡ" ಎಂದು ಓಣಿಯವರು ಹೆದರಿಸಿದ್ದರು. ನನಗೆ ಏನೂ ಆಗಲಿಲ್ಲ. ರೊಟ್ಟಿ ಬಡಿದ ನೋವು ಮುಂಚಿನಷ್ಟೇ, ಅದರ ಮೇಲೆ ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. "ಏನ, ಟಾನಿಕ್ ಗೀನಿಕ್ ಕುಡ್ಯಾಕತ್ತೀಯೇನ?" ಎಂದು ಫಕೀರಪ್ಪ ಚೇಷ್ಟೆ ಮಾಡಿದ. "ತಂಗೆವ್ವನ ಮಗಳು ನಾನು, ಕಬ್ಬಿಣದ ಎಲುಬು" ಎಂದು ನಾನೂ ಬೀಗಿದೆ. ಅವ್ವ ಮಾತ್ರ ದಿನದಿನಕ್ಕೆ ಸೋತಳು. ಕೂಡಿಸಿದರೆ ಕತ್ತು ನಿಲ್ಲುತ್ತಿರಲಿಲ್ಲ. ತುತ್ತು ಬಾಯಲ್ಲಿದ್ದಾಗಲೇ ಕಣ್ಣು ಮುಚ್ಚುತ್ತಿದ್ದಳು. ವಯಸ್ಸು, ಮುರಿದ ಎಲುಬು, ಇನ್ನೇನು ಎಂದುಕೊಂಡೆ.

ಒಂದು ದಿನ ಕಾಶವ್ವ ಬಂದಾಗ ಅವ್ವ ನಿದ್ದೆಯಲ್ಲಿದ್ದಳು. ನಾನು ಚಹಾ ಕೊಟ್ಟು, "ಶೇಂಗಾ ಭಾಳ ಚಲೋ ಅದಾವ ನೋಡ ಕಾಶವ್ವಾ, ಯಾರ ಹೊಲದ್ದು?" ಎಂದೆ. ಕಾಶವ್ವ ಬೊಚ್ಚು ಬಾಯಿ ತೆರೆದು ತೋರಿಸಿದಳು. "ಯಾವ ಶೇಂಗಾನ ನಮ್ಮವ್ವಾ? ಈ ಬಾಯಿ ಇಟಗೊಂಡು ನಾ ಶೇಂಗಾ ಕೊಳ್ಳಾಕ ಹೋಗ್ಲೇನ?"

ನಾನು ಉಗ್ರಾಣಕ್ಕೆ ಹೋಗಿ ನೋಡಿದೆ. ಮಂಚದ ತಲೆದೆಸೆಗೆ ಚಟ್ನಿ ಪುಡಿಗೆಂದು ತರಿಸಿದ್ದ ನನ್ನದೇ ಶೇಂಗಾ ಚೀಲ. ಅದರ ಹೊಲಿಗೆ ಒಂದು ಮೂಲೆಯಲ್ಲಿ ಬಿಚ್ಚಿತ್ತು, ಕೈ ಹಿಡಿಸುವಷ್ಟು. ನನ್ನ ಕಾಳು ನನಗೇ ಕೂಲಿ! ಅಂದರೆ ಇಷ್ಟು ದಿನ ಒಂದು ದಿನದ ಕೂಲಿಯೂ ಸಂದಿರಲಿಲ್ಲ. ನಾನು ಎತ್ತಿದ್ದು, ಇಳಿಸಿದ್ದು, ತೊಳೆದದ್ದು, ತಿಕ್ಕಿದ್ದು ಎಲ್ಲದರ ದಣಿವೂ ಈ ಮುರುಕು ಮಂಚದ ಮೇಲಿನ ಮುರುಕು ದೇಹದೊಳಗೆ ಇಳಿದು ಕೂತಿತ್ತು. 

"ಅವ್ವಾ! ಏಳು! ಏನ ಮಾಡೀದಿ ನೀ?" ಎಂದು ಕೂಗಿದೆ. ಅವ್ವ ಕಣ್ಣು ತೆರೆದು, ಚೀಲ ನೋಡಿ, ನನ್ನ ಮುಖ ನೋಡಿ, ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಕ್ಕಳು. "ಹೊಲಿಗಿ ಸಡ್ಲಿತ್ತು" ಅಂದಳು.

"ನಗಬ್ಯಾಡ! ಸಾಯಬೇಕಂತ ಮಾಡೀಯೇನ?" ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. "ಡಾಕ್ಟರ್ ಹೇಳಿದ್ದು ನಾ ನಿನಗ ತಿಳಿಸಿದ್ದಿಲ್ಲೇನ? ನನ್ನ ದಣಿವು ನಿನಗ್ಯಾಕ ಬೇಕಿತ್ತ?"

"ಕೂಗಬ್ಯಾಡ, ಗಿರಾಕಿ ಕೇಳ್ತಾರ" ಎಂದಳು ಅವ್ವ. ಆಮೇಲೆ ಸ್ವಲ್ಪ ಹೊತ್ತು ಉಸಿರು ತಗೊಂಡು, "ಸುಂದ್ರೀ, ನನಗ ಎಲ್ಲಾರೂ ಕೂಲಿ ಕೊಟ್ಟಾರ. ನಿಮ್ಮಪ್ಪ ಕೊಟ್ಟ. ಸಾವ್ಕಾರ ಕೊಟ್ಟ. ಊರಾಗ ನಾ ಅಡಗಿ ಮಾಡದ ಮದುವಿ ಇಲ್ಲ, ಎಲ್ಲಾರೂ ಕೇಳಿದಷ್ಟ ಕೊಟ್ಟರು. ಚಲೋನ ಆತು, ನಾನ ಜಗಳಾಡಿ ಇಸಗೊಂಡೆ. ಖರೇ ಹೇಳ್ತೀನಿ, ಒಬ್ಬರರ ಒಂದ ದಿನ, ತಂಗೆವ್ವಾ, ಇವತ್ತಿಂದು ನಾ ಹೊರ್ತೀನಿ, ನೀ ಹಗರಾಗು ಅನ್ನಲಿಲ್ಲ. ನನಗ ಯಾರೂ ಇರಲಿಲ್ಲ. ನಿನಗರ ಒಬ್ಬರು ಇರಲಿ ಅಂದೆ" ಎಂದಳು.

ಕಾಶವ್ವ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಮೂಗು ಒರೆಸಿಕೊಂಡಳು. ನಾನು ಮಂಚದ ತುದಿಗೆ ಕೂತು ಗೊಳೋ ಎಂದು ಅತ್ತೆ. ಅತ್ತದ್ದಕ್ಕೆ ಅವ್ವ ಸ್ವಲ್ಪ ಮೆತ್ತಗಾದಳು. "ಆತ ಬಿಡ, ಕೊಡ್ತೀನಿ. ಏನ್ ಬೇಕ ಕೇಳು" ಅಂದಳು.

ಏನು ಕೇಳಲಿ? ಅಲ್ಲಿಗೇ ಬಂತು ಕುತ್ತು. ಅವ್ವನ ಟ್ರಂಕು ತೆಗೆದು ನೆಲದ ಮೇಲೆ ಹರವಿದೆವು. ಸೀರೆಗಳು ನಾನು ತಂದವು. ಕೈಯ ಬಳೆ ನಾನು ಇಡಿಸಿದವು. ಇದ್ದ ಒಂದು ದೊಡ್ಡ ಹಿತ್ತಾಳೆ ಸೌಟು ಅವಳೇ ದುಡಿದು ಕೊಂಡದ್ದು ಹೌದು, ಆದರೆ ನಾನು ಖಾನಾವಳಿ ಹಾಕಿದ ದಿನ ಅದನ್ನು ನನಗೇ ಕೊಟ್ಟುಬಿಟ್ಟಿದ್ದಳು. ನನ್ನ ಹಂಚು, ಪರಾತ, ಬೆಂಚು ಎಲ್ಲ ಅವಳ ದುಡಿಮೆಯವೇ, ಎಲ್ಲವೂ ಕೊಟ್ಟು ಮುಗಿದವು. ಕೊಟ್ಟದ್ದು ಕೊಟ್ಟಾಯಿತು, ಮತ್ತೆ ಅವಳದಾಗುವುದಿಲ್ಲ. ನಾನೇ ಏನಾದರೂ ಕೊಟ್ಟು ತಿರುಗಿ ಇಸಕೊಂಡರೆ ಅದು ಆಟ, ಕೂಲಿಯಲ್ಲ. "ಮೂಗಿನ್ಯಾಗ ಬಂಗಾರ ಐತೆಲ್ಲ" ಎಂದಳು ಕಾಶವ್ವ. ಅವ್ವ ಮೂಗುತಿ ಬಿಚ್ಚಿ ಕೊಟ್ಟಳು, ನಾನು ಒಪ್ಪಿ ತಗೊಂಡೆ, ಅವತ್ತಿನ ಕೆಲಸವೆಲ್ಲ ಮಾಡಿದೆ. ಸಂಜೆಗೆ ಅವ್ವ ಬೆವರಿ ತೊಪ್ಪೆಯಾದಳು, ನನ್ನ ಸೊಂಟ ಗಟ್ಟಿಯಾಗೇ ಇತ್ತು. ಅದು ಅವಳ ಅತ್ತೆಯ ಮನೆಯವರು ಇಟ್ಟ ಮೂಗುತಿ. ಇಡೀ ಜನ್ಮ ಮೂಗಿನಲ್ಲಿದ್ದೂ ಅವಳದಾಗಿರಲಿಲ್ಲ ನೋಡಿ!

ಫಕೀರಪ್ಪನಿಗೂ ಚಿಂತೆ ಹತ್ತಿತು. ಅತ್ತೆಯ ಪರವಾಗಿ ತನ್ನ ಬಳ್ಳಿಯ ಎಲೆ ಎರಡು ಹೆಚ್ಚಿಗೆ ಕಿತ್ತು ಕೊಟ್ಟ. ಆಗಲಿಲ್ಲ. ನಾನು ಮಾಡುತ್ತಿದ್ದದ್ದು ಅವನ ಕೆಲಸವಲ್ಲವಲ್ಲ. ಕಾಶವ್ವ ಒಂದು ಫಣಿ ಬಾಳೆಹಣ್ಣು ತಂದು, "ಇದು ನಿಂದ ಆತು ತಂಗೀ, ದಿನಕ್ಕೊಂದ ಕೊಡು" ಅಂದಳು. ಅವ್ವ ಒಂದೊಂದೇ ಸುಲಿದು ಕಾಶವ್ವನಿಗೇ ತಿನ್ನಿಸಿದಳು. "ಬೇಡಿ ತಂದು ಕೂಲಿ ಕೊಡೂ ಬಾಳೇ ನನಗ ಬ್ಯಾಡವ್ವಾ. ಮಂದಿಗೆ ಕೂಲಿ ಕೇಳಾಕ ಕಲಿಸಿದಾಕಿ ನಾನು" ಎಂದಳು. ಹಟ ಅಂದರೆ ಹಟ. ಅತ್ತ ಎದೆ ಕುಸಿಯುತ್ತಿತ್ತು, ಇತ್ತ ಮಾನ ಬೇಕಿತ್ತು. ನನಗೆ ಊರಿನ ಮೇಲೆಯೇ ಸಿಟ್ಟು ಬಂತು. ಇಷ್ಟು ವರ್ಷ ದುಡಿದ ಹೆಂಗಸು, ಇಡೀ ಊರಿಗೆ ಉಣ್ಣಿಸಿದ ಹೆಂಗಸು, ಅವಳ ಹತ್ತಿರ ತನ್ನದು ಎಂದು ಹಿಡಿದು ಕೊಡಲು ಒಂದು ಕಡ್ಡಿಯೂ ಇರಬಾರದೇ? ಕೆಲಸ ಬಿಡಲೇ ಎಂದರೆ ಮೈ ತೊಳೆಸದೆ ಬಿಡುವುದು ಹೇಗೆ? ಮಾಡಿದರೆ ಮಾಡಿದ ಕೈಯೇ ಅವಳನ್ನು ಕೊಲ್ಲುತ್ತಿತ್ತು. ಅಂಥ ದಿನಗಳು ವೈರಿಗೂ ಬೇಡ.

ಒಂದು ಮಧ್ಯಾಹ್ನ ಉಗ್ರಾಣದಲ್ಲಿ ಫಕೀರಪ್ಪ ನನಗೆ ನೆರವಾಗಲೆಂದು ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ. ಸೈಕಲ್ಲಿನ ಟಯರು ಬಿಚ್ಚುವ ಕೈ. ಎಸಳನ್ನು ಉಗುರಿನಿಂದ ಗೀರಿ, ಜಜ್ಜಿ, ಅರ್ಧ ಸಿಪ್ಪೆ ಹಾಗೇ ಬಿಟ್ಟು ತಟ್ಟೆಗೆ ಎಸೆಯುತ್ತಿದ್ದ. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅವ್ವನಿಗೆ ಆ ಸಪ್ಪಳವೇ ಸಹಿಸಲಾಗಲಿಲ್ಲವೋ ಏನೋ. "ಬೆಳ್ಳುಳ್ಳಿ ಸುಲ್ಯಾಕತ್ತೀಯೋ, ಪಂಕ್ಚರ್ ಹಚ್ಚಾಕತ್ತೀಯೋ? ತಾ ಇಲ್ಲೆ" ಎಂದಳು. ಫಕೀರಪ್ಪ ಮೊರವನ್ನೇ ತಂದು ಅವಳ ಮಗ್ಗುಲಿಗೆ ಇಟ್ಟ. ಮೊದಲ ನಾಲ್ಕಾರು ಎಸಳಿಗೆ ಬೆರಳು ನಡುಗಿದವು. ಆಮೇಲೆ ಎಸಳು ಒಂದು ಕಡೆ, ಸಿಪ್ಪೆ ಒಂದು ಕಡೆ, ನೋಡನೋಡುತ್ತಲೇ ತಟ್ಟೆ ತುಂಬುತ್ತ ಬಂತು. ನಡುನಡುವೆ ನಿಂತು ಉಸಿರು ತಗೊಂಡಳು. ಸಾಕು ಎಂದರೆ ಗದರಿದಳು. ಕಡೆಗೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಲು ನೋಡಿ, ಎತ್ತಲಾಗದೆ, ನನ್ನ ಕಡೆ ನೂಕಿದಳು.

"ತಗೋ. ಇವತ್ತಿನ ಕೂಲಿ."

ಫಕೀರಪ್ಪ ತಲೆ ಕೆರೆದುಕೊಂಡ. "ಅತ್ತೀ, ಬೆಳ್ಳುಳ್ಳಿ ಇಕಿದ ಅಲ್ಲೇನ? ಸಂತ್ಯಾಗ ನಾನ ಹೊತ್ತ ತಂದೀನಿ. ಶೇಂಗಾದ್ದ ಹಣೇಬಾರ ಮತ್ತ."

"ಬೆಳ್ಳುಳ್ಳಿ ಆಕಿದು" ಎಂದಳು ಅವ್ವ. "ಸುಲದದ್ದು ನಂದು. ಸುಲೀದ ಇದ್ರ ಅದೇನ್ ಪಲ್ಯಕ್ಕ ಬೀಳ್ತಿತ್ತೇನ?"

 ಊರಿನಲ್ಲಿ ಯಾರೂ ಹೀಗೆ ಕೊಟ್ಟದ್ದು ಕೇಳಿರಲಿಲ್ಲ. ದಣಿವು ಯಾರ ಕಡೆ ಹೋಗುತ್ತದೋ ಅದೇ ತೀರ್ಪು. ಎರಡೂ ಕೈ ಚಾಚಿ, ಒಪ್ಪಿ, ತಟ್ಟೆ ತಗೊಂಡೆ. ಅವತ್ತು ಬೇಕೆಂದೇ ಒಂದು ಕೆಲಸವನ್ನೂ ಬಿಡಲಿಲ್ಲ. ಎತ್ತಿ ಕೂಡಿಸಿದೆ, ಬಿಸಿನೀರಲ್ಲಿ ಮೈ ತೊಳೆಸಿದೆ, ಹಾಸಿಗೆ ಬದಲಿಸಿದೆ, ಕಾಲಿಗೆ ಎಣ್ಣೆ ತಿಕ್ಕಿದೆ. ಸುದ್ದಿ ಕೇಳಿ ಕಾಶವ್ವನೂ ಬಂದಿದ್ದಳು. ಎಲ್ಲರೂ ಮಂಚದ ಸುತ್ತ ಕೂತು ಅವ್ವನ ಮುಖ ನೋಡುತ್ತಿದ್ದೆವು. ಅವ್ವ ಆಕಳಿಸಿದಳು. "ಮುಗೀತು" ಎಂದು ಫಕೀರಪ್ಪ ಹಣೆ ಹಣೆ ಬಡಿದುಕೊಂಡ. 

"ಎಲ್ಲೆ ನೋವೈತವ್ವಾ? ಸ್ವಂಟೇನ? ರಟ್ಟಿಯೇನ?" ಎಂದು ಕೇಳಿದೆ.

ಅವ್ವ ತನ್ನ ಬೆರಳುಗಳನ್ನು ಮೇಲೆತ್ತಿ ತಿರುಗಿಸಿ ತಿರುಗಿಸಿ ನೋಡಿದಳು. "ಬಟ್ಟ ನೋಯ್ತಾವ" ಎಂದಳು. "ಬಟ್ಟ ಅಷ್ಟ. ಬೆಳ್ಳುಳ್ಳಿ ಸುಲದ ನೋವು. ಇದು ನಂದು ಐತಿ."

ನೀರಿನ ಬಕೇಟು ಹೊರಗೆ ಇಡೋಣವೆಂದು ನಾನು ಏಳಲು ಹೋದೆ. ಆಗಲಿಲ್ಲ. ಸೊಂಟದಲ್ಲಿ ಯಾರೋ ಗೂಟ ಬಡಿದಂತಾಯಿತು. ತೋಳು ಜೋತುಬಿದ್ದವು. ಹಿಮ್ಮಡಿಯಿಂದ ಹಿಡಿದು ಕತ್ತಿನವರೆಗೂ ಚುಳುಕ್ ಎಂದು ನೋವು ಏರಿತು. ಹಾಗೇ ನೆಲಕ್ಕೆ ಕೂತೆ. "ಅಯ್ಯಯ್ಯೋ! ಸ್ವಂಟಾ ಹೋತು! ಅವ್ವಾ, ನನ್ನ ಸ್ವಂಟಾ ಹೋತು!" ಎಂದು ಕೂಗಿದೆ. ಹುಚ್ಚಿಯ ಹಾಗೆ ನಗುತ್ತಿದ್ದೆ, ಅಳುತ್ತಿದ್ದೆ. ಅಷ್ಟು ಚೆಂದದ ನೋವು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಕಾಶವ್ವ ಬೊಚ್ಚು ಬಾಯಿ ತೆರೆದು ಚಪ್ಪಾಳೆ ತಟ್ಟಿದಳು. ಫಕೀರಪ್ಪ ಖಾನಾವಳಿಗೆ ಓಡಿ, "ನಮ್ಮಕಿ ದಣದಾಳ! ಇವತ್ತ ರಾತ್ರಿ ಊಟ ಇಲ್ಲ, ಹೋಗ್ರಿ!" ಎಂದು ಕೂಗಿದನಂತೆ. ಗಿರಾಕಿಗಳು ಕಾರಣ ಗೊತ್ತಾದಮೇಲೆ ಬೈಯುವುದು ಬಿಟ್ಟು ಅವ್ವನನ್ನು ನೋಡಲು ಒಳಗೇ ಬಂದರು.

ಮರುದಿನದಿಂದ ಅವ್ವ ಮದುವೆ ಮನೆಯ ಹಿರಿ ಅಡುಗೆಯವಳಂತೆ ಕರಾರು ಮಾಡತೊಡಗಿದಳು. ಮೈ ತೊಳೆಸಿದ್ದಕ್ಕೆ ಬೆಳ್ಳುಳ್ಳಿ. ಎಣ್ಣೆ ತಿಕ್ಕಿದ್ದಕ್ಕೆ ಕೊತ್ತಂಬರಿ ಸೋಸಿ ಕೊಡುವುದು. ಹಾಸಿಗೆ ಬದಲಿಸಿದ್ದಕ್ಕೆ ಅಕ್ಕಿಯ ಹರಳು ಆರಿಸಿ ಕೊಡುವುದು. ಮೈ ಹುಷಾರಿಲ್ಲದ ದಿನ ನಾಲ್ಕೇ ಎಸಳು, ಅದೂ ನಡೆಯುತ್ತದೆ, ನಾನು ಒಪ್ಪಿದರೆ ಸಾಕಲ್ಲ. ನಾನು ಎಲ್ಲಕ್ಕೂ ಹೂಂ ಅಂದೆ.

"ಮತ್ತ ಇನ್ನೊಂದ ಐತಿ" ಎಂದಳು. "ತಲಿ ಬಾಚೂದಕ್ಕ ನಾ ಏನೂ ಕೊಡಾಂಗಿಲ್ಲ."

"ಯಾಕ?"

"ಅದರ ದಣಿವು ನನಗ ಬೇಕು."

"ಮತ್ತ ಸುರು ಮಾಡಿದಿಯೇನವ್ವಾ? ಡಾಕ್ಟರ್ ಏನ್ ಹೇಳ್ಯಾರ..."

"ಡಾಕ್ಟರಗ ಯಾಕ ಹೇಳ್ತಿ? ಇರೂದ ನಾಕ ಕೂದಲ. ಬಾಚಿದ್ರ ಎಷ್ಟ ದಣಿವು ಬಂದೀತು? ಅಷ್ಟಕ್ಕೇನ್ ಸಾಯೂದಿಲ್ಲ ನಾ." ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ತುಂಬಿದ್ದವು. "ನೀ ಹೇಳಿದ್ದಕ್ಕೆಲ್ಲಾ ಕೂಲಿ ಕೊಟ್ಟೆ ಇಲ್ಲ? ಇಷ್ಟ ನನಗ ಬಿಡು. ನಾ ನಿನ್ನ ಹಡದಾಕಿ ಸುಂದ್ರೀ, ಗಿರಾಕಿ ಅಲ್ಲ."

ಅದಕ್ಕೂ ಹೂಂ ಅಂದೆ.

ಈಗ ಅವ್ವ ಎದ್ದು ಗೋಡೆಗೆ ಒರಗಿ ಕೂಡುತ್ತಾಳೆ. ಡಾಕ್ಟರು ಬಂದಾಗೊಮ್ಮೆ ಎದೆಯ ಸಪ್ಪಳ ಕೇಳಿ ತಲೆ ಆಡಿಸಿ, ನಡೆಯಲಿ ನಡೆಯಲಿ ಎನ್ನುತ್ತಾರೆ. ಸಂಜೆ ಗಿರಾಕಿಗಳು ಬರುವ ಮೊದಲು ನಾನು ಅವಳ ಹಿಂದೆ ಕೂತು ಬಾಚಣಿಗೆ ಹಿಡಿಯುತ್ತೇನೆ. ಬೇಗ ಮುಗಿಸಿಬಿಡೋಣವೆಂದು ನೋಡಿದರೆ, "ಸಾವಕಾಶ ಬಾಚ, ಎಲ್ಲಿಗೆ ಓಡಾಕತ್ತಿ" ಎಂದು ಗದರುತ್ತಾಳೆ. ಮೃದುವಾಗಿ, ಸಿಕ್ಕು ಬಿಡಿಸಿ, ಬೈತಲೆ ತೆಗೆದು ಬಾಚುತ್ತೇನೆ. ನನ್ನ ಮಣಿಕಟ್ಟಿನಲ್ಲಿ ನೋವೇನೂ ಇರುವುದಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಮುಚ್ಚಿ ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಳ್ಳುತ್ತಾಳೆ.

"ಬಂತೇನವ್ವಾ?" ಎಂದು ಕೇಳುತ್ತೇನೆ.

"ಬಂತು" ಎನ್ನುತ್ತಾಳೆ ಅವ್ವ, ಕೂಸನ್ನು ಸವರುವ ಹಾಗೆ ಮಣಿಕಟ್ಟು ಸವರುತ್ತ. "ಬಂತು ನನ್ನವ್ವಾ, ಇನ್ನೊಂದ್ಸಲ ಬಾಚು."

ನಾನು ಇನ್ನೊಂದು ಸಲ ಬಾಚುತ್ತೇನೆ.